ಇಪ್ಪತ್ತರ ಪಕ್ಕದ ಗುರುತು

ಮೀಟಿಂಗ್ ಕೋಣೆಯ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದು ಪಿನ್ನು ಇಟ್ಟಿದ್ದರು. ಹೆಬ್ಬೆರಳಿನಷ್ಟು ದಪ್ಪದ, ಅಂಗೈ ಉದ್ದದ ಉಕ್ಕಿನ ಪಿನ್ನು. ಅದರ ಒಂದು ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲು ಯಾರೋ ಹಲ್ಲು ಹಾಕಿ ಕಚ್ಚಿದಂತೆ ಗೀರುಬಿದ್ದು ಸವೆದಿತ್ತು.

"ಬನ್ನಿ, ಕೂತ್ಕೊಳ್ಳಿ," ಎಂದರು ಮ್ಯಾನೇಜರು.

ಅವಳು ಕೂರುವುದನ್ನೇ ಮರೆತಳು. ಬಾಗಿಲ ಪಕ್ಕದಲ್ಲಿ ಅವಳ ಭಾವ ನಿಂತಿದ್ದರು. ಗಂಡನ ಅಣ್ಣ. ಅದೇ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಯಂತ್ರ ನಡೆಸುವವರು. ಅವಳು ಮಹಡಿಯ ಮೇಲೆ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿದರೆ, ಅವರು ಕೆಳಗೆ ಆ ಡ್ರಾಯಿಂಗ್ ನೋಡಿ ಉಕ್ಕು ಸವೆಸುವವರು. ಕೆಲಸದವರು ಅವಳನ್ನು ಡ್ರಾಯಿಂಗಕ್ಕ ಎಂದೂ ಅವರನ್ನು ಮೈಕ್ರಾನಣ್ಣ ಎಂದೂ ಕರೆಯುತ್ತಿದ್ದರು. ಭಾವ ಬ್ರೆಡ್ಡು ಕೊಯ್ದರೂ ಚೂರುಗಳು ಅವಳಿ ಜವಳಿ ಮಕ್ಕಳಂತೆ ಇರುತ್ತವೆ ಎಂದು ಮನೆಯಲ್ಲೂ ತಮಾಷೆ ಮಾಡುವುದಿತ್ತು. ಆದರೆ ಕೆಲಸದ ಹೊತ್ತಿನಲ್ಲಿ ಅವರು ಯಂತ್ರ ಬಿಟ್ಟು ಮೇಲಕ್ಕೆ ಬಂದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಕಾರ್ಖಾನೆ ಮಾಡುತ್ತಿದ್ದದ್ದು ಆಸ್ಪತ್ರೆಗೆ ಬೇಕಾದ ಒಂದೇ ಒಂದು ಯಂತ್ರ. ಏಳಲಾಗದ ರೋಗಿಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ, ಹಾಸಿಗೆಯಿಂದ ಎತ್ತಿ, ಗಾಲಿಕುರ್ಚಿಗೆ ಇಳಿಸುವಂಥದ್ದು. ಅದಕ್ಕೆ ಸೊಂಡಿಲಿನಂಥ ಉದ್ದ ತೋಳಿದ್ದುದರಿಂದ ಎಲ್ಲರೂ ಅದನ್ನು ಆನೆ ಎನ್ನುತ್ತಿದ್ದರು. "ಎರಡು ಆನೆ ಪ್ಯಾಕ್ ಮಾಡಿ ಕಳಿಸಿದೆ" ಎಂಬ ಮಾತು ಕೇಳಿ ಹೊಸಬರು ಬೆಪ್ಪಾಗಿ ನಿಲ್ಲುತ್ತಿದ್ದರು. ಸೊಂಡಿಲು ಕಂಬಕ್ಕೆ ಸೇರುವ ಕಡೆ, ಬುಷ್ ಎಂಬ ಲೋಹದ ಬಳೆಯೊಳಗೆ ಕೂತು, ಇಡೀ ಭಾರ ಹೊರುವುದು ಈ ಪಿನ್ನು.

"ನಿನ್ನೆ ಒಂದು ಆಸ್ಪತ್ರೇಲಿ ಸೊಂಡಿಲು ವಾಲ್ಕೊಂಡಿದೆ," ಮ್ಯಾನೇಜರು ಹೇಳಿದರು. "ಜೋಳಿಗೇಲಿದ್ದ ಅಜ್ಜಿ ಜಾರಿ ಮಂಚದ ಕಂಬಿ ಮೇಲೆ ಬಿದ್ದಿದ್ದಾರೆ. ಸೊಂಟದ ಮೂಳೆ ಹೋಗಿದೆ. ಪಿನ್ನು ಬಿಚ್ಚಿ ನೋಡಿದ್ರೆ ಬುಷ್‌ಗೆ ಹೊಂದಿಸಿ ಗ್ರೈಂಡ್ ಮಾಡೇ ಇಲ್ಲ. ಇವರನ್ನ ಕೇಳಿದ್ರೆ, ಡ್ರಾಯಿಂಗಲ್ಲಿ ಜೋಡಿ ಗುರುತು ಇರ್ಲಿಲ್ಲ ಅಂತಾರೆ. ಇತ್ತೋ ಇಲ್ವೋ, ತೆಗೆದು ತೋರಿಸಿ."

ಜೋಡಿ ಗುರುತು ಅವಳದೇ ಸೃಷ್ಟಿ. ಡ್ರಾಯಿಂಗ್ ತಂತ್ರಾಂಶದಲ್ಲಿ ಟಾಲರೆನ್ಸ್ ತೋರಿಸಲು, ಅಂದರೆ ಅಳತೆ ಎಷ್ಟರವರೆಗೆ ಹೆಚ್ಚುಕಡಿಮೆ ಆಗಬಹುದೆಂದು ಹೇಳಲು, ಸಾಲುಸಾಲು ಚಿಹ್ನೆಗಳಿವೆ. ಆದರೆ ಅವರ ಪಿನ್ನಿಗೆ ಬೇಕಾದ ಮಾತನ್ನು ಹೇಳುವ ಚಿಹ್ನೆ ಅದರಲ್ಲಿ ಇರಲಿಲ್ಲ. 'ಅಂಕಿ ನೋಡಿ ಸವೆಸಬೇಡ, ಇದರ ಬುಷ್ಷನ್ನು ಕೈಯಲ್ಲಿಟ್ಟುಕೊಂಡು ಅದಕ್ಕೇ ಹೊಂದಿಸಿ ಸವೆಸು, ಎರಡರ ನಡುವಿನ ಸಡಿಲ ಒಂದು ಕೂದಲಿನ ದಪ್ಪದ ಸಣ್ಣ ಪಾಲನ್ನೂ ದಾಟಬಾರದು.' ಇಷ್ಟನ್ನು ಪ್ರತಿ ಡ್ರಾಯಿಂಗಿನಲ್ಲೂ ಬರೆದು ಸಾಕಾಗಿ, ಅವಳು ಒಂದು ಸೊನ್ನೆಯೊಳಗೆ ಎರಡು ನಿಂತ ಗೆರೆ ಎಳೆದು, ಅದನ್ನೊಂದು ಅಕ್ಷರವಾಗಿ ಮಾಡಿ, ಫಾಂಟಿಗೆ ಸೇರಿಸಿದ್ದಳು. ಪಿನ್ನಿನ ದಪ್ಪ ಇಪ್ಪತ್ತು ಮಿಲಿಮೀಟರು ಎಂಬ ಅಳತೆಯ ಪಕ್ಕ ಆ ಗುರುತು ಕೂತರೆ ಸಾಕು, ಕಾರ್ಖಾನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಗುರುತು ಇಲ್ಲದಿದ್ದರೆ ಬರೀ ಇಪ್ಪತ್ತು. ಬರೀ ಇಪ್ಪತ್ತಕ್ಕೆ ಹಾಳೆಯ ಮೂಲೆಯಲ್ಲಿ ಬರೆದಿರುವ ಸಾಮಾನ್ಯ ಟಾಲರೆನ್ಸು: ಕೂದಲೆಳೆಗಿಂತ ಹೆಚ್ಚೇ ಸಡಿಲ ಬಿಟ್ಟರೂ ತಪ್ಪಲ್ಲ.

ಅವಳು ಲ್ಯಾಪ್‌ಟಾಪ್ ತೆರೆದು ಡ್ರಾಯಿಂಗ್ ತೆಗೆದಳು. ದೊಡ್ಡದು ಮಾಡಿದಳು. ಇಪ್ಪತ್ತರ ಪಕ್ಕದಲ್ಲಿ ಸೊನ್ನೆ, ಸೊನ್ನೆಯೊಳಗೆ ಎರಡು ಗೆರೆ.

"ಇದೆ ಸಾರ್," ಎಂದಳು.

ಭಾವ ಒಂದು ಹೆಜ್ಜೆ ಮುಂದೆ ಬಂದು ಪರದೆ ನೋಡಿದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದವರಂತೆ ನೋಡಿದರು.

"ನನ್ನ ಮೆಶೀನಿನ ಹತ್ರ ಇರೋ ಕಂಪ್ಯೂಟರಲ್ಲಿ ಇರ್ಲಿಲ್ಲ."

"ಎಲ್ಲಾ ಕಡೆ ಇರೋದು ಒಂದೇ ಫೈಲು ಕಣ್ರೀ," ಎಂದರು ಮ್ಯಾನೇಜರು. "ಅಲ್ವಾ?" ಎಂದು ಅವಳತ್ತ ತಿರುಗಿದರು.

ಅವಳು ಕಂಡದ್ದನ್ನೇ ಹೇಳಿದಳು. "ಹೌದು ಸಾರ್, ಒಂದೇ ಫೈಲು."

ಊಟದ ಬಿಡುವಿಗೆ ಮೊದಲೇ ಭಾವನನ್ನು ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಟ್ಟರು. ಅವರು ಕೈ ತೊಳೆದು, ಏಪ್ರನ್ ಮಡಿಚಿ, ಯಾರ ಕಡೆಗೂ ನೋಡದೆ ಗೇಟು ದಾಟಿ ಹೋದದ್ದನ್ನು ಅವಳು ಮೇಲಿನ ಕಿಟಕಿಯಿಂದ ಕಂಡಳು.

ಆ ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅವಳ ಗಂಡ ಫ್ರಿಜ್ ರಿಪೇರಿ ಮಾಡುವವನು; ದಿನವೂ ಗಿರಾಕಿಗಳ ಕಥೆ ಹೇಳಿ ನಗಿಸುತ್ತಿದ್ದವನು ಅಂದು ತುತ್ತು ಎತ್ತದೆ ಕೂತಿದ್ದ. ಅತ್ತೆಗೆ ಕಿವಿ ಮಂದ. ಏನೋ ನಡೆದಿದೆಯೆಂದು ಗೊತ್ತಾಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು.

"ಅಣ್ಣನ ಮೇಲೆ ನೀನೇ ಸಾಕ್ಷಿ ಹೇಳಿದ್ಯಂತೆ," ಕೊನೆಗೆ ಗಂಡ ಬಾಯಿಬಿಟ್ಟ. ಭಾವ ಅಲ್ಲೇ ಎದುರಿಗಿದ್ದರು.

"ನಾನು ಯಾರ ಮೇಲೂ ಹೇಳ್ಲಿಲ್ಲ. ಇರೋದನ್ನ ಇದೆ ಅಂದೆ."

"ಇದೆ ಅಂದ್ರೆ ಅಣ್ಣ ಸುಳ್ಳು ಹೇಳ್ತಿದ್ದಾನೆ ಅಂತ ತಾನೇ?"

"ಸುಮ್ನಿರೋ," ಎಂದರು ಭಾವ. "ಅವಳಿಗೆ ಕಂಡಿದ್ದು ಅವಳು ಹೇಳಿದಳು. ನನಗೆ ಕಂಡಿದ್ದು ನಾನು ಹೇಳಿದೆ."

"ಯಾರು ಬಿದ್ರು?" ಎಂದರು ಅತ್ತೆ ಗಟ್ಟಿಯಾಗಿ. "ದೊಡ್ಡವನೇ, ಯಾರೋ ಬಿದ್ರು ಅಂದ್ರಲ್ಲ, ಯಾರು?"

"ಒಬ್ಬರು ಅಜ್ಜಿ ಅಮ್ಮಾ. ನಿನ್ನ ವಯಸ್ಸಿನೋರು."

ಅತ್ತೆ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಭಾವ ತಟ್ಟೆ ತೊಳೆದಿಟ್ಟು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವಳು ಪಾತ್ರೆ ಮುಚ್ಚಿಡುತ್ತಿದ್ದಳು.

"ನೋಡಮ್ಮ, ಒಂದು ಮಾತು ನಾನು ಅಲ್ಲಿ ಹೇಳ್ಲಿಲ್ಲ. ಮೊದಲೆಲ್ಲ ಆ ಗುರುತು ಇರ್ತಿತ್ತು. ಒಂದೊಂದು ಪಿನ್ನಿಗೂ ಅರ್ಧ ದಿನ ಒದ್ದಾಡ್ತಿದ್ದೆ. ಆಮೇಲೆ ಒಂದಿನ ನೋಡ್ತೀನಿ, ಇಲ್ಲ. ಬರೀ ಇಪ್ಪತ್ತು. ಮೇಲಿನೋರು ಸಡಿಲ ಮಾಡಿದಾರೆ ಅಂದ್ಕೊಂಡೆ. ನಿಜ ಹೇಳ್ಬೇಕು ಅಂದ್ರೆ ಖುಷಿ ಆಯ್ತು. ಕಣ್ಣೂ ಮೊದಲಿನ ಹಾಗಿಲ್ಲ. ನಿನ್ನ ಒಂದು ಮಾತು ಕೇಳ್ಬೋದಿತ್ತು, ಒಂದೇ ಮನೇಲಿದ್ದೀವಿ. ಕೇಳ್ಲಿಲ್ಲ."

"ಯಾವಾಗಿಂದ ಇರ್ಲಿಲ್ಲ ಭಾವ?"

"ಹಳೇ ಕಂಪ್ಯೂಟರ್ ಸುಟ್ಟುಹೋಗಿ ಹೊಸದು ಬಂತಲ್ಲ, ಅವಾಗಿಂದ."

ಅವಳ ಕೈಯಲ್ಲಿದ್ದ ಮುಚ್ಚಳ ಹಾಗೇ ನಿಂತಿತು. ಹಳೆಯ ಕಂಪ್ಯೂಟರಿಗೆ ಆ ಫಾಂಟನ್ನು ಹಾಕಿದ್ದು ಅವಳೇ. ಹೊಸದಕ್ಕೆ ಯಾರು ಹಾಕಿದರು? ಹಾಕಿದ್ದಾರೆಯೇ?

ಬೆಳಗ್ಗೆ ಅವಳು ಮೆಟ್ಟಿಲು ಹತ್ತದೆ ನೇರ ಗ್ರೈಂಡಿಂಗ್ ವಿಭಾಗಕ್ಕೆ ಹೋದಳು. ಭಾವನ ಯಂತ್ರದ ಮೇಲೆ ಹೊದಿಕೆ ಮುಚ್ಚಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಪಿನ್ನಿನ ಡ್ರಾಯಿಂಗ್ ತೆರೆದಳು. ಇಪ್ಪತ್ತರ ಪಕ್ಕದಲ್ಲಿ ಜೋಡಿ ಗುರುತು ಎದ್ದು ಕಾಣುತ್ತಿತ್ತು. ಹಾಗಾದರೆ ಭಾವ? ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದು ಸಣ್ಣ ಸುಳ್ಳನ್ನೂ ಅವರ ಬಾಯಲ್ಲಿ ಕೇಳಿದವಳಲ್ಲ ಅವಳು.

ಕಂಪ್ಯೂಟರ್ ರಿಪೇರಿಯವನು ಅಲ್ಲೇ ತಂತಿ ಸುತ್ತುತ್ತಿದ್ದ. "ಏನಾದ್ರೂ ತೊಂದ್ರೆನಾ ಡ್ರಾಯಿಂಗಕ್ಕ? ಈಗ ಚೆನ್ನಾಗಿ ಓಡ್ಬೇಕಲ್ಲ."

"ಈಗ ಅಂದ್ರೆ?"

"ನಿನ್ನೆ ಬೆಳಗ್ಗೆ ಮ್ಯಾನೇಜರ್ ಸಾಹೇಬ್ರು ಒಂದ್ಸಲ ಚೆಕ್ ಮಾಡು ಅಂದ್ರು. ಚೆಕ್ ಮಾಡೋದೇನು, ಎಲ್ಲಾ ಅಳಿಸಿ ಮೇಲಿನ ನಿಮ್ಮ ಕಂಪ್ಯೂಟರಿಂದ ಡ್ರಾಯಿಂಗ್ ಸಾಫ್ಟ್‌ವೇರಿನ ಇಡೀ ಫೋಲ್ಡರ್ ತಂದು ಹಾಕ್ಬಿಟ್ಟೆ. ಮೊದಲು ಬರೀ ಡ್ರಾಯಿಂಗ್ ನೋಡೋಕೆ ಎಷ್ಟು ಬೇಕೋ ಅಷ್ಟೇ ಹಾಕಿದ್ದೆ."

"ಅಳಿಸೋ ಮುಂಚೆ ಫಾಂಟುಗಳೆಲ್ಲ ಇದ್ವಾ? ನೋಡಿದ್ಯಾ?"

ಅವನು ತಂತಿ ಸುತ್ತುವುದನ್ನು ನಿಲ್ಲಿಸಿದ. "ಫಾಂಟಾ? ಅದೆಲ್ಲ ನೋಡೋಕೆ ಹೋಗ್ಲಿಲ್ಲ ಅಕ್ಕ. ಯಾಕೆ, ಏನಾಯ್ತು?"

ಅವಳು ಉತ್ತರ ಕೊಡದೆ ಮೆಟ್ಟಿಲು ಹತ್ತಿದಳು. ತನ್ನ ಕಂಪ್ಯೂಟರಿನಿಂದ ಆ ಫಾಂಟನ್ನು ತೆಗೆದುಹಾಕಿ ಡ್ರಾಯಿಂಗ್ ತೆರೆದಳು. ತಪ್ಪು ಇದೆ ಎಂದು ತಂತ್ರಾಂಶ ಒಂದು ಮಾತೂ ಆಡಲಿಲ್ಲ. ಫಾಂಟ್ ಸಿಗಲಿಲ್ಲವೆಂದು ತಾನೇ ಬೇರೊಂದು ಫಾಂಟ್ ಆರಿಸಿಕೊಂಡು, ಡ್ರಾಯಿಂಗನ್ನು ಅಚ್ಚುಕಟ್ಟಾಗಿ ತೋರಿಸಿತು. ಗೆರೆಗಳೆಲ್ಲ ಇದ್ದವು, ಅಂಕಿಗಳೆಲ್ಲ ಇದ್ದವು. ಇಪ್ಪತ್ತರ ಪಕ್ಕದಲ್ಲಿ ಏನೂ ಇರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯಿಲ್ಲ, ಚೌಕವಿಲ್ಲ, ಒಂದು ಚುಕ್ಕೆ ಕೂಡ ಇಲ್ಲ.

ಯಾಕೆಂದು ಅವಳಿಗೆ ಕೂಡಲೇ ಹೊಳೆಯಿತು. ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆಯಿರುತ್ತದೆ. ಹೊಸ ಗುರುತಿಗೆ ಮನೆ ಹುಡುಕುವಾಗ, ಇನ್ನೊಂದು ಅಕ್ಷರವನ್ನು ಎಬ್ಬಿಸುವುದು ಬೇಡವೆಂದು, ಯಾರೂ ಬಳಸದ ಖಾಲಿ ಜಾಗದ ಮನೆಯೊಂದನ್ನು ಅವಳು ಆರಿಸಿದ್ದಳು. ಬೇರೆ ಫಾಂಟುಗಳಲ್ಲಿ ಆ ಮನೆ ಖಾಲಿಯೇ. ಹಾಗಾಗಿ ಗುರುತಿದ್ದ ಕಡೆ ಬರೀ ಖಾಲಿ ಜಾಗ ಬಂದಿತ್ತು. ಬೇರೆ ಯಾವ ಮನೆಯಲ್ಲಿಟ್ಟಿದ್ದರೂ ಇಪ್ಪತ್ತರ ಪಕ್ಕ ಒಂದು ಅಡ್ಡಾದಿಡ್ಡಿ ಅಕ್ಷರ ಬಂದು, ಇದೇನಿದು ಎಂದು ಯಾರಾದರೂ ಕೇಳುತ್ತಿದ್ದರು. ಅಂದು ಅವಳಿಗೆ ಬುದ್ಧಿವಂತಿಕೆ ಅನ್ನಿಸಿದ್ದೇ ಗುರುತನ್ನು ಸದ್ದಿಲ್ಲದೆ ಮಾಯ ಮಾಡಿತ್ತು.

ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಭಾವ ಎಡವಿದ್ದಾದರೆ ಕೆಟ್ಟಿದ್ದು ಒಂದು ಪಿನ್ನು. ಗುರುತೇ ಮಾಯವಾಗಿದ್ದರೆ, ಹೊಸ ಕಂಪ್ಯೂಟರ್ ಬಂದಂದಿನಿಂದ ಸವೆಸಿದ ಪಿನ್ನುಗಳೆಲ್ಲವೂ ಸಡಿಲ. ಆ ಆನೆಗಳು ಈ ಹೊತ್ತಿನಲ್ಲಿ ಆಸ್ಪತ್ರೆಗಳಲ್ಲಿ ಜನರನ್ನು ಎತ್ತುತ್ತಿವೆ. ಒಂದೊಂದು ಸಲ ಎತ್ತಿದಾಗಲೂ ಪಿನ್ನು ಬುಷ್ಷನ್ನು ಕುಟ್ಟಿ ಕುಟ್ಟಿ ತಿನ್ನುತ್ತಿದೆ.

ಮ್ಯಾನೇಜರು ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ಹಿಂದಿನ ದಿನದಿಂದ ಅವರೂ ಕಣ್ಣು ಮುಚ್ಚಿದಂತೆ ಕಾಣಲಿಲ್ಲ.

"ಹೀಗೆ ಆಗಬಹುದು ಅಂತ ತೋರಿಸಿದ್ರಿ. ಹೀಗೇ ಆಯ್ತು ಅಂತ ಏನು ಗ್ಯಾರಂಟಿ?"

"ಭಾವ ಹೇಳ್ತಿದ್ದಾರಲ್ಲ ಸಾರ್."

"ಅವರು ನಿಮ್ಮ ಮನೆಯೋರು. ನಿನ್ನೆ ಇದೆ ಅಂದವರು ನೀವೇ, ಇವತ್ತು ಇಲ್ಲ ಅಂತಿದ್ದೀರಿ. ನಾನು ಮಾಲೀಕರಿಗೆ ಏನಂತ ಹೇಳ್ಲಿ? ಅವರು ಬರಲಿ, ವಿಚಾರಣೆ ಆಗಲಿ."

"ಅಲ್ಲೀವರೆಗೆ ಯಂತ್ರ ನಿಲ್ಲಿಸಿ ಅಂತ ಆಸ್ಪತ್ರೆಗಳಿಗೆ ಒಂದು ಫೋನಾದ್ರೂ ಮಾಡಿ ಸಾರ್. ಕೈ ಮುಗೀತೀನಿ."

"ಒಂದು ಫೋನ್ ಮಾಡಿದ್ರೆ ಈ ಕಾರ್ಖಾನೆ ಬಾಗಿಲು ಹಾಕ್ಬೇಕಾಗುತ್ತೆ. ಕೆಳಗೆ ಎಷ್ಟು ಜನ ಇದ್ದಾರೆ ಗೊತ್ತಲ್ಲ? ನೀವು ಹೋಗಿ ಕೆಲಸ ನೋಡಿ."

ಹೊರಗೆ ಬಂದವಳಿಗೆ ಯಾರ ಹತ್ತಿರ ಹೋಗಬೇಕೆಂದೇ ತೋಚಲಿಲ್ಲ. ಸಾಗಣೆ ವಿಭಾಗದ ಗುಮಾಸ್ತೆಯನ್ನು ಗೋಗರೆದು, ಹೊಸ ಕಂಪ್ಯೂಟರ್ ಬಂದ ಮೇಲೆ ಮಾಡಿದ ಯಂತ್ರಗಳು ಹೋಗಿದ್ದು ಎಲ್ಲೆಲ್ಲಿಗೆ ಎಂದು ಕೇಳಿದಳು. ಅಜ್ಜಿ ಬಿದ್ದ ಆಸ್ಪತ್ರೆ ಬಿಟ್ಟರೆ ಇನ್ನು ಮೂರು ಆಸ್ಪತ್ರೆಗಳು. ಕಾರ್ಖಾನೆಯ ಹಿಂಬದಿಯ ಸೈಕಲ್ ನಿಲ್ದಾಣದಲ್ಲಿ ನಿಂತು ಫೋನು ಹಚ್ಚಿದಳು. ಮೊದಲನೆಯ ಕಡೆ, ಆಸ್ಪತ್ರೆಯ ಸಮಯ ಹೇಳುವ ಧ್ವನಿಮುದ್ರಿಕೆ. ಎರಡನೆಯ ಕಡೆ ಒಬ್ಬರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೊಬ್ಬರಿಗೆ ದಾಟಿಸಿ, ಕೊನೆಗೆ ಒಬ್ಬ "ಕಂಪನಿ ಲೆಟರ್ ಕಳಿಸಿ ಮೇಡಂ, ಬಾಯಿಮಾತಿಗೆ ಯಂತ್ರ ನಿಲ್ಲಿಸೋಕಾಗಲ್ಲ" ಎಂದ. ಮೂರನೆಯ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮೊದಲಿನಿಂದ ಹಚ್ಚಿದಳು. ಗಡಿಬಿಡಿಯಲ್ಲಿ ತಪ್ಪು ಅಂಕಿ ಒತ್ತಿ, ಕರೆ ಯಾವುದೋ ಬೂಟಿನ ಅಂಗಡಿಗೆ ಹೋಯಿತು. "ಯಂತ್ರ ನಿಲ್ಲಿಸಿ" ಎಂದು ಅವರಿಗೂ ಹೇಳಿಬಿಟ್ಟಳು.

ಕೊನೆಗೆ ಮನೆಗೆ ಫೋನು ಮಾಡಿದಳು. ಭಾವನೇ ಎತ್ತಿಕೊಂಡರು.

"ಭಾವ, ನೀವು ಹೇಳಿದ್ದು ನಿಜ. ಗುರುತು ಇರ್ಲಿಲ್ಲ. ನನ್ನಿಂದಲೇ ಹೀಗಾಯ್ತು." ಅವಳು ಪಕ್ಕದ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು. "ಎಲ್ಲಾ ಪಿನ್ನೂ ಸಡಿಲ ಭಾವ. ಎಲ್ಲಾನೂ."

ಆ ಕಡೆ ಏನನ್ನೋ ಹುಡುಕಿ ಚೀಲಕ್ಕೆ ಹಾಕುವ ಸದ್ದು ಕೇಳಿಸಿತು. ಆಮೇಲೆ, "ಹತ್ತಿರದ ಆಸ್ಪತ್ರೆ ಯಾವುದು ಹೇಳು. ಅಲ್ಲಿಗೇ ಬರ್ತೀನಿ," ಎಂದರು.

ಅವರು ಬಂದಾಗ ಕೈಯಲ್ಲಿ ಒಂದು ಚೀಲ ಇತ್ತು. ಒಂದು ಸುತ್ತಿಗೆ, ಸ್ಪ್ಯಾನರು, ದಪ್ಪ ಅಳೆಯುವ ಮೈಕ್ರೋಮೀಟರು, ಒಂದಿಷ್ಟು ಹಳೇ ಬಟ್ಟೆ. ಅವಸರದಲ್ಲಿ ಎಡಗಾಲಿಗೆ ತಮ್ಮನ ಚಪ್ಪಲಿ ಹಾಕಿಕೊಂಡಿದ್ದರು. ಅದನ್ನು ಅವಳು ನೋಡಿದಳು, ಹೇಳಲಿಲ್ಲ. ವಾರ್ಡು ಮೂರನೆಯ ಮಹಡಿಯಲ್ಲಿತ್ತು. ಬಾಗಿಲಲ್ಲಿದ್ದ ಕಾವಲುಗಾರ ಭೇಟಿಯ ಹೊತ್ತಲ್ಲ ಎಂದು ತಡೆದ. ಅವಳು ಏನೇನೋ ಹೇಳುತ್ತಿದ್ದಳು. ಭಾವ ಅವನ ಭುಜದ ಮೇಲಿಂದ ಒಳಗೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಓಡಿದರು.

ಒಳಗೆ ಆನೆ ಕೆಲಸದಲ್ಲಿತ್ತು. ದೊಡ್ಡ ಮೈಕಟ್ಟಿನ ಗಂಡಸೊಬ್ಬ ಜೋಳಿಗೆಯಲ್ಲಿ, ಹಾಸಿಗೆಗೂ ಗಾಲಿಕುರ್ಚಿಗೂ ನಡುವೆ, ಗಾಳಿಯಲ್ಲಿ ತೂಗುತ್ತಿದ್ದ. ಇಬ್ಬರು ಆಯಾಗಳು ಅವನ ಕಾಲು ಹಿಡಿದಿದ್ದರು. ಸೊಂಡಿಲು ಪ್ರತಿ ತೂಗಾಟಕ್ಕೂ ಟಕ್, ಟಕ್ ಎನ್ನುತ್ತಿತ್ತು. ಆ ಸದ್ದು ಆಯಾಗಳಿಗೆ ಏನೂ ಹೇಳಿರಲಿಲ್ಲ. ಭಾವ ಹೋಗಿ ಸೊಂಡಿಲ ಕೆಳಗೆ ಭುಜ ಕೊಟ್ಟು ನಿಂತರು.

"ಇಳಿಸಿ! ಇಳಿಸಿ ಮೊದಲು, ಹಾಸಿಗೆಗೇ ಇಳಿಸಿ!"

"ಯಾರ್ರೀ ನೀವು? ಒಳಗೆ ಹೆಂಗೆ ಬಂದ್ರಿ?" ದೊಡ್ಡ ನರ್ಸು ಓಡಿಬಂದರು.

"ಈ ಯಂತ್ರ ಮಾಡಿದೋರು ನಾವು," ಅವಳು ಕೂಗಿದಳು. ತನ್ನ ಗಂಟಲಿನಿಂದ ಅಂಥ ಧ್ವನಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಇದು ಬೀಳುತ್ತೆ! ಒಂದು ಕಡೆ ಆಗ್ಲೇ ಬಿದ್ದಿದೆ!"

ದೊಡ್ಡ ನರ್ಸು ಇನ್ನೇನೂ ಕೇಳದೆ ಗುಂಡಿ ಒತ್ತಿದರು. ಜೋಳಿಗೆ ನಿಧಾನವಾಗಿ, ತೀರಾ ನಿಧಾನವಾಗಿ ಕೆಳಗಿಳಿಯಿತು. ಅವಳೂ ಹೋಗಿ ಆ ಮನುಷ್ಯನ ಬೆನ್ನಿಗೆ ಕೈ ಕೊಟ್ಟಳು. ಅವನ ಬೆನ್ನು ಬೆವರಿನಿಂದ ತೊಯ್ದಿತ್ತು. ಹಾಸಿಗೆ ಸಿಕ್ಕಿದ ಮೇಲೆ ಅವನು ಕಣ್ಣು ಮುಚ್ಚಿ, "ಅಯ್ಯೋ, ನಾನು ಅಷ್ಟೊಂದು ದಪ್ಪ ಇದ್ದೀನಾ ತಾಯಿ?" ಎಂದು ಕೇಳಿದ. ಯಾರೂ ನಗಲಿಲ್ಲ.

ಭಾವ ಪಿನ್ನನ್ನು ಹಿಡಿದಿದ್ದ ತಿರುಪು ಬಿಚ್ಚಿದರು. ಜೋಡಿ ಮಾಡಿದ ಪಿನ್ನಾದರೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಹೊರತೆಗೆಯಬೇಕು. ಅವರು ಸುತ್ತಿಗೆಯನ್ನು ಎತ್ತಲೇ ಇಲ್ಲ. ಪಿನ್ನು ತಾನಾಗಿ ಜಾರಿ, ನೆಲಕ್ಕೆ ಬಿದ್ದು, ಠಣ್ಣೆಂದು ಉರುಳಿ ಮಂಚದ ಕೆಳಗೆ ಹೋಯಿತು. ದೊಡ್ಡ ನರ್ಸು ಆ ತೂತನ್ನೂ ಭಾವನ ಮುಖವನ್ನೂ ನೋಡಿದರು. ಅವರ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು.

"ದಿನಾ ಎತ್ತುತ್ತಿದ್ದೀವಿ ಇದರಲ್ಲಿ," ಎಂದರು. "ಮಕ್ಕಳನ್ನೂ ಎತ್ತಿದ್ದೀವಿ."

"ಇನ್ನೆರಡು ಆಸ್ಪತ್ರೇಲಿ ಇದೇ ಪಿನ್ನು ಇದೆ," ಎಂದಳು ಅವಳು. "ನಾನು ಫೋನ್ ಮಾಡಿದ್ರೆ ಯಾರೂ ಕೇಳ್ತಿಲ್ಲ."

"ಕಂಪನಿಯೋರ ಮಾತು ಯಾರು ಕೇಳ್ತಾರೆ? ಯಾವ ಆಸ್ಪತ್ರೆ ಹೇಳಿ." ದೊಡ್ಡ ನರ್ಸು ತಮ್ಮ ಫೋನು ತೆಗೆದು, ತಮಗೆ ಗೊತ್ತಿದ್ದ ನರ್ಸುಗಳನ್ನು ಹೆಸರು ಹಿಡಿದು ಕೂಗಿ ಕರೆದರು. ಒಂದು ಕಡೆ ಮಾತು ಮುಗಿಯುವ ಮೊದಲೇ ಯಂತ್ರ ನಿಂತಿತು. ಇನ್ನೊಂದು ಕಡೆ ಯಾರೋ ಆಯಾ ಎತ್ತಿಕೊಂಡು, "ಸಿಸ್ಟರ್ ಪೇಷೆಂಟನ್ನ ಎತ್ತುತ್ತಾ ಇದ್ದಾರೆ, ಆಮೇಲೆ ಮಾಡಿ" ಎಂದು ಫೋನಿಟ್ಟಳು.

ಆಮೇಲಿನ ಹೊತ್ತನ್ನು ಅವಳು ಹೇಗೆ ಕಳೆದಳೋ. ಫೋನು ಮತ್ತೆ ಹಚ್ಚಿದರೆ ಗಂಟೆ ಬಾರಿಸುತ್ತದೆ, ಎತ್ತುವವರಿಲ್ಲ. ಮತ್ತೆ ಗಂಟೆ. ಭಾವ ಮಂಚದ ಕೆಳಗಿನಿಂದ ತೆಗೆದ ಪಿನ್ನನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಅವಳು ಗೋಡೆಗೆ ಹಣೆ ಕೊಟ್ಟು ನಿಂತಳು. ಈಗ ಬಿದ್ದಿರುತ್ತದೆ, ಈಗ ಬಿದ್ದಿರುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕೊನೆಗೆ ಆ ಕಡೆಯ ನರ್ಸೇ ತಿರುಗಿ ಫೋನು ಮಾಡಿದರು. ಯಾರೂ ಬಿದ್ದಿರಲಿಲ್ಲ. ಯಂತ್ರ ಟಕ್ ಎನ್ನುತ್ತಿದೆ, ಎಣ್ಣೆ ಹಾಕಬೇಕೇನೋ ಎಂದು ಅವರೇ ಯೋಚಿಸುತ್ತಿದ್ದರಂತೆ. ಅದನ್ನು ಮೂಲೆಗೆ ತಳ್ಳಿ ಬಟ್ಟೆ ಕಟ್ಟಿಸಿದರು. ದೊಡ್ಡ ನರ್ಸು ಫೋನಿಟ್ಟು ಅವಳತ್ತ ತಿರುಗಿದರು.

"ಎಲ್ಲಾ ಸರಿ. ಇನ್ನು ಇವರನ್ನೆಲ್ಲ ನಾವು ಕೈಯಲ್ಲೇ ಎತ್ಬೇಕು. ನಮ್ಮ ಆಯಾಗಳ ಬೆನ್ನು ಕೇಳೋರು ಯಾರು? ಬೇಗ ಸರಿ ಮಾಡಿ ಕಳಿಸಿ."

ಸಿಟ್ಟಿನಲ್ಲೇ ಹೇಳಿದರು. ಆದರೂ ಒಂದು ಲೋಟ ನೀರು ತರಿಸಿ ಭಾವನಿಗೆ ಕುಡಿಸಿದರು.

ವಿಚಾರಣೆಗೆ ಮಾಲೀಕರು ಕಾರ್ಖಾನೆಗೆ ಬಂದರು. ತನ್ನನ್ನು ಆಗಲೇ ಮನೆಗೆ ಕಳಿಸುತ್ತಾರೆಂದು ಅವಳು ಅಂದುಕೊಂಡಿದ್ದಳು. ಮ್ಯಾನೇಜರು ಒಂದು ಗಂಟೆ ಕೂಗಾಡಿದರು ಕೂಡ. ಆದರೆ ಯಂತ್ರಗಳೆಲ್ಲ ವಾಪಸು ಬಂದು, ಪಿನ್ನುಗಳನ್ನು ಸಾಲಾಗಿ ಇಟ್ಟು ಅಳೆದಾಗ ಮಾತಿಗೆ ಜಾಗ ಉಳಿಯಲಿಲ್ಲ. ಹಳೆಯ ಕಂಪ್ಯೂಟರ್ ಇದ್ದಾಗಿನ ಪಿನ್ನುಗಳು ತಮ್ಮ ಬುಷ್ಷಿಗೆ ಅಂಟಿದಂತೆ ಕೂತಿದ್ದವು. ಅದಾದ ಮೇಲಿನವು ಎಲ್ಲವೂ ಒಂದೇ ಸಮ ಸಡಿಲವಾಗಿದ್ದವು. ಒಬ್ಬನ ಅಜಾಗರೂಕತೆ ಹಾಗೆ ಒಂದೇ ಸಮ ಇರುವುದಿಲ್ಲ. ಕಂಪ್ಯೂಟರ್ ರಿಪೇರಿಯವನೂ ತಲೆ ತಗ್ಗಿಸಿ ಒಪ್ಪಿಕೊಂಡ. ಇದು ಯಾರ ತಪ್ಪೂ ಅಲ್ಲ, ತಂತ್ರಾಂಶದ ದೋಷ ಎಂದು ಮಾಲೀಕರು ತೀರ್ಮಾನ ಮಾಡಿದರು. ಭಾವನನ್ನು ಕೆಲಸಕ್ಕೆ ಕರೆದರು.

ಯಾರ ತಪ್ಪೂ ಅಲ್ಲ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ಅವಳು ಜೋಡಿ ಗುರುತನ್ನು ಅಕ್ಷರಗಳ ಮನೆಯಿಂದ ಹೊರಗೆ ತಂದಳು. ಯಾವ ಫಾಂಟಿನ ಹಂಗೂ ಇಲ್ಲದಂತೆ, ಡ್ರಾಯಿಂಗಿನ ಉಳಿದ ಗೆರೆಗಳ ಹಾಗೆ ಗೆರೆಯಾಗಿಯೇ ಎಳೆದು, ಅದರ ಕೆಳಗೆ ಅರ್ಥವನ್ನು ಪೂರ್ತಿ ಮಾತಿನಲ್ಲಿ ಬರೆದಳು. ತಾನು ಎಂದೆಂದೋ ಮಾಡಿದ ಡ್ರಾಯಿಂಗುಗಳನ್ನೆಲ್ಲ ಒಂದೊಂದಾಗಿ ತೆರೆದು ಬದಲಿಸಿದಳು. ಬದಲಿಸಿದ ಮೇಲೂ ನಂಬಿಕೆ ಬಾರದೆ, ಕೆಳಗಿಳಿದು ಹೋಗಿ ಆ ಪರದೆಯಲ್ಲಿ ಕಣ್ಣಾರೆ ನೋಡಿ ಬರುತ್ತಿದ್ದಳು.

ಭಾವನ ಪಾಡು ಇನ್ನೂ ಕೆಟ್ಟಿತು. ಒಂದು ಪಿನ್ನನ್ನು ಹೊಂದಿಸಿದ ಮೇಲೆ ಅವರಿಗೆ ಅದನ್ನು ಕೈಬಿಡಲು ಆಗುತ್ತಿರಲಿಲ್ಲ. ಅಳೆಯುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಅಳೆಯುತ್ತಿದ್ದರು. ಮುಂದಿನವರು ಕೈಚಾಚಿ ನಿಂತರೂ "ಇರಿ, ಇರಿ" ಎನ್ನುತ್ತಿದ್ದರು. ಮನೆಯಲ್ಲಿ ಊಟದ ನಡುವೆ ಎದ್ದು ಹೋಗಿ ಬಾಗಿಲ ಚಿಲಕ ಅಲುಗಿಸಿ ನೋಡುತ್ತಿದ್ದರು. ಗಂಡ ಒಂದೆರಡು ಸಲ ತಮಾಷೆ ಮಾಡಲು ನೋಡಿ ಬಿಟ್ಟುಬಿಟ್ಟ. ಅವಳ ಮೇಲಿನ ಅವನ ಸಿಟ್ಟು ಇಳಿದಿತ್ತು. ಆದರೆ ನಗಿಸುವ ಕಥೆಗಳು ವಾಪಸು ಬರಲಿಲ್ಲ.

ಅಷ್ಟರಲ್ಲಿ ಆ ಅಜ್ಜಿ ತೀರಿಹೋದ ಸುದ್ದಿ ಬಂತು. ಸೊಂಟದ ಆಪರೇಷನ್ ಆಗಿತ್ತು, ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತಂತೆ. ಕಾರ್ಖಾನೆಯಲ್ಲಿ ಅದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಭಾವ ಯಂತ್ರ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದು ಅವಳ ಮೇಜಿನ ಎದುರು ನಿಂತರು.

"ಅವರ ಮನೆಗೆ ಹೋಗ್ಬೇಕಮ್ಮ. ನಾನೊಬ್ಬನೇ ಹೋದ್ರೆ ಬಾಯಿ ಬರಲ್ಲ."

ಮನೆ ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಬಾಗಿಲು ತೆರೆದವಳು ಅಜ್ಜಿಯ ಮಗಳು; ಐವತ್ತರ ಆಸುಪಾಸಿನ ಹೆಂಗಸು, ಬಟ್ಟೆಯ ತೋಳು ಮಡಿಚಿ ಕೋಣೆ ಒರೆಸುತ್ತಿದ್ದಳು. ಯಾರೆಂದು ಗೊತ್ತಾದಾಗ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹಾಗೇ ನಿಂತಳು. ಬೈಯುತ್ತಾಳೆ ಎಂದು ಅವಳು ಕಾದಳು. ಬೈದರೆ ಒಳ್ಳೆಯದಿತ್ತು.

"ಕಂಪನಿಯೋರು ಬಂದಿದ್ರು," ಎಂದಳು ಮಗಳು. "ಕಂಪ್ಯೂಟರಲ್ಲಿ ಏನೋ ಕಾಣ್ಲಿಲ್ಲ ಅಂದ್ರು. ನನಗೆ ಒಂದೂ ತಿಳೀಲಿಲ್ಲ. ಏನು ಕಾಣ್ಲಿಲ್ಲ?"

ಅವಳು ವಿವರಿಸಲು ಹೋದಳು. ಪಿನ್ನು, ಬುಷ್ಷು, ಫಾಂಟು. ಮಾತುಗಳೆಲ್ಲ ಬಾಯಲ್ಲಿ ಕಲ್ಲಿನಂತೆ ಉರುಳಿದವು. ಮಗಳು ತಲೆಯಾಡಿಸಿ, ಕಿಟಕಿಯ ಹತ್ತಿರದಿಂದ ಒಂದು ಹಳೆಯ ಕವರು ಮತ್ತು ಪೆನ್ನು ತಂದು ಕೊಟ್ಟಳು.

"ಬರೆದು ತೋರಿಸಿ."

ಅವಳು ಇಪ್ಪತ್ತು ಎಂದು ಬರೆದಳು. ಪಕ್ಕದಲ್ಲಿ ಸೊನ್ನೆ ಸುತ್ತಿದಳು. ಒಳಗೆ ಎರಡು ಗೆರೆ ಎಳೆದಳು.

ಮಗಳು ಅದನ್ನು ತುಂಬ ಹೊತ್ತು ನೋಡಿದಳು. "ಇ‌ಷ್ಟೇನಾ?"

"ಇಷ್ಟೇ."

"ಇದನ್ನ ಮಾಡಿದೋರು ನೀವು?"

"ನಾನೇ."

"ಗುರುತು ಇಲ್ಲ ಅನ್ನೋದನ್ನ ನಾನು ನೋಡಿದ್ದೆ," ಎಂದರು ಭಾವ. "ಕೇಳ್ಬೇಕಿತ್ತು. ಕೆಲಸ ಹಗುರ ಆಯ್ತು ಅಂತ ಸುಮ್ಮನಾದೆ."

ಕೋಣೆಯಲ್ಲಿ ಒಂದು ಮಂಚ ಇತ್ತು. ಹಾಸಿಗೆ ಸುತ್ತಿ ಇಟ್ಟಿದ್ದರು. ಮಗಳು ಹೋಗಿ ಅದರ ಅಂಚಿನಲ್ಲಿ ಕೂತಳು. ಮಾತಾಡಿದಾಗ ಅವಳ ಧ್ವನಿಯಲ್ಲಿ ಕ್ಷಮೆಯೂ ಇರಲಿಲ್ಲ, ಶಾಪವೂ ಇರಲಿಲ್ಲ.

"ನಮ್ಮಮ್ಮನಿಗೆ ಆ ಯಂತ್ರ ಅಂದ್ರೆ ಆಸೆ. ಆಸ್ಪತ್ರೇಲಿ ಮಲಗಿದ್ರೆ ಬರೀ ಸೂರು ಕಾಣ್ತಿತ್ತು. ಅದು ಮೇಲೆ ಎತ್ತಿದಾಗ ಕಿಟಕಿಯಿಂದ ರಸ್ತೆ ಕಾಣ್ತಿತ್ತಂತೆ. ಇನ್ನೊಂಚೂರು ಎತ್ರೇ, ಇನ್ನೊಂಚೂರು ಅಂತ ಆಯಾಗಳಿಗೆ ದುಂಬಾಲು ಬೀಳ್ತಿದ್ದಳು. ಅವತ್ತೂ ಹಾಗೇ ಅಂದಿರ್ತಾಳೆ."

ಕೆಳಗೆ ಬೀದಿಯಲ್ಲಿ ಯಾವುದೋ ವಾಹನ ಹಿಂದಕ್ಕೆ ಸರಿಯುತ್ತಾ ಕೀಂ ಕೀಂ ಎನ್ನುತ್ತಿತ್ತು.

"ಇನ್ನು ಹೊರಡಿ," ಎಂದಳು ಮಗಳು. "ನಾನು ಈ ನೆಲ ಒರೆಸಿ ಮುಗಿಸ್ಬೇಕು. ನಾಳೆ ಮನೆಗೆ ಬೇರೆಯೋರು ಬರ್ತಾರೆ."

ಗುರುತು ಬರೆದ ಕವರನ್ನು ಮಗಳು ತನ್ನ ಬಳಿಯೇ ಇಟ್ಟುಕೊಂಡಳು. ಅವರಿಬ್ಬರೂ ಹೊರಬಂದು ಚಪ್ಪಲಿ ಮೆಟ್ಟಿಕೊಂಡರು. ಹಿಂದೆ ಬಕೆಟ್ಟು ಎಳೆಯುವ ಸದ್ದು ಕೇಳಿಸಿತು, ಆಮೇಲೆ ಬಟ್ಟೆ ಹಿಂಡಿದ ನೀರಿನ ಸದ್ದು. ಭಾವ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟರು. ಅವಳು ಅವರ ಮೊಣಕೈ ಹಿಡಿದಳು. ಒಂದೊಂದೇ ಮೆಟ್ಟಿಲು, ನಿಂತು ನಿಂತು, ಇಬ್ಬರೂ ಕೆಳಗಿಳಿದರು.